ನೆರೆಕರೆಯ ಪಂದ್ಯಗಳನ್ನು ಟಿ.ವಿ. ದುಡ್ಡಿಗೆ ಬಿಟ್ಟುಕೊಡಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಕ್ರೀಡಾ ಪುಟದಲ್ಲಿ ಮೊನ್ನೆ ಬಂದ ಬರಹವನ್ನು ಓದಿದೆ. ನಮ್ಮ ಕಾಲೇಜು ಕ್ರೀಡೆ ಉದ್ಧಾರ ಆಗಬೇಕಾದರೆ ಅಮೆರಿಕದ ದಾರಿ ಹಿಡಿಯಬೇಕು, ವಿಶ್ವವಿದ್ಯಾಲಯದ ತಂಡಗಳನ್ನು ಟಿ.ವಿ.ಗೆ ತರಬೇಕು, ಟಿ.ವಿ. ಬಂದರೆ ದುಡ್ಡು ಬರುತ್ತದೆ, ದುಡ್ಡು ಬಂದರೆ ಉಳಿದದ್ದೆಲ್ಲ ತಾನಾಗಿ ಸರಿಯಾಗುತ್ತದೆ ಎಂದು ಅದರಲ್ಲಿತ್ತು. ಬರೆದವರಿಗೆ ಆಟದ ಮೇಲೆ ಪ್ರೀತಿ ಇದೆ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅದೇ ದಾರಿಯಲ್ಲಿ ಹೋದವರಿಗೆ 2023ರಲ್ಲಿ ಏನಾಯಿತು ಎಂಬ ಮಾತೇ ಬರಹದಲ್ಲಿಲ್ಲ. ಅದನ್ನು ಬಿಟ್ಟು ಈ ವಿಷಯ ಮಾತಾಡುವುದು ಸರಿಯಲ್ಲ. ಪತ್ರ ಸ್ವಲ್ಪ ಉದ್ದವಾಯಿತು, ದಯವಿಟ್ಟು ಕತ್ತರಿಸದೆ ಹಾಕಿ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಗಡಿಭಾಗದಲ್ಲಿರುವ ಮಂಜೇಶ್ವರ ತಾಲೂಕಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿಯಾಗಿದ್ದವಳು. ಮಕ್ಕಳ ಬಾಯಲ್ಲಿ ಪಿ.ಟಿ. ಟೀಚರ್. ನಿವೃತ್ತಳಾದ ಮೇಲೆ, 2023ರ ಕೊನೆಯ ತಿಂಗಳುಗಳಲ್ಲಿ, ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಮಗಳ ಜೊತೆ ಇದ್ದೆ. ಆ ವಿಶ್ವವಿದ್ಯಾಲಯ ಇರುವುದು ಪುಲ್‌ಮನ್ ಎಂಬ ಸಣ್ಣ ಊರಲ್ಲಿ. ಸುತ್ತಮುತ್ತ ಗೋಧಿ, ಮಸೂರ, ಕಡಲೆ ಬೆಳೆಯುವ ಗುಡ್ಡಗಳು. ಮಗಳ ಮನೆ ಮಾತ್ರ ಪಕ್ಕದ ಐಡಾಹೊ ರಾಜ್ಯದ ಮಾಸ್ಕೋ ಎಂಬ ಪಟ್ಟಣದಲ್ಲಿತ್ತು. ಎರಡು ಊರಿಗೂ ಸುಮಾರು 13 ಕಿ.ಮೀ. ದೂರ, ನಡುವೆ ರಾಜ್ಯದ ಗಡಿ. ಬೆಳಿಗ್ಗೆ ಗಡಿ ದಾಟಿ ಹೋಗಿ ಸಂಜೆ ಗಡಿ ದಾಟಿ ಮನೆಗೆ ಬರುವುದು. ರಾಜ್ಯದ ಗಡಿಯಾದ ತಲಪಾಡಿ ದಾಟಿ ಕಾಲೇಜಿಗೂ ಆಸ್ಪತ್ರೆಗೂ ಮಂಗಳೂರಿಗೇ ಹೋಗುವ ನಮಗೆ ಅದು ಹೊಸತೇನಲ್ಲ.

ಅಲ್ಲಿಯ ಕಾಲೇಜು ಆಟದ ವ್ಯವಸ್ಥೆಯ ಬಗ್ಗೆ ಎರಡು ಮಾತು ಹೇಳಬೇಕು. ಅಲ್ಲಿ ಹತ್ತು ಹನ್ನೆರಡು ವಿಶ್ವವಿದ್ಯಾಲಯಗಳು ಸೇರಿ ಒಂದು ಕೂಟ ಮಾಡಿಕೊಳ್ಳುತ್ತವೆ. ಅದಕ್ಕೆ ಕಾನ್ಫರೆನ್ಸ್ ಅನ್ನುತ್ತಾರೆ. ವರ್ಷವಿಡೀ ಮುಖ್ಯವಾಗಿ ಆ ಕೂಟದೊಳಗೇ ಆಟ. ಫುಟ್‌ಬಾಲ್ ಮಾತ್ರವಲ್ಲ, ವಾಲಿಬಾಲ್, ಈಜು, ಓಟ, ಟೆನಿಸ್ ಎಲ್ಲವೂ. ಇಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಲ್ಲ, ಉದ್ದುದ್ದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅವರದೇ ಆಟ. ಈ ಕೂಟಗಳು ಹುಟ್ಟಿದ್ದು ರೈಲಿನ ಕಾಲದಲ್ಲಿ. ಹಾಗಾಗಿ ಹತ್ತಿರದವರು ಹತ್ತಿರದವರ ಜೊತೆ ಸೇರಿದ್ದರು. ಶಾಂತ ಸಾಗರದ ಕರಾವಳಿಯ ವಿಶ್ವವಿದ್ಯಾಲಯಗಳ ಕೂಟ ಶುರುವಾದದ್ದು 1915ರಲ್ಲಿ. ಮುಂದೆ ಅದಕ್ಕೆ ಪ್ಯಾಕ್-12 ಎಂದು ಹೆಸರಾಯಿತು. ನಾನು ಅಲ್ಲಿಗೆ ಹೋದಾಗ ನಡೆಯುತ್ತಿದ್ದದ್ದು ಆ ಹಳೆಯ ಕೂಟದ ಕೊನೆಯ ವರ್ಷ.

ಬೇರು ಎಲ್ಲಿದೆ ಎಂದು ಹುಡುಕಿದರೆ 1984ಕ್ಕೆ ಹೋಗಬೇಕು. ಆ ವರ್ಷ ನಮಗೂ ನೆನಪಿರುವ ವರ್ಷ. ಮೇ 24ಕ್ಕೆ ಕಾಸರಗೋಡು ಜಿಲ್ಲೆಯಾಯಿತು. ಆಗಸ್ಟ್ 8ಕ್ಕೆ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಪಯ್ಯೋಳಿಯ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸ್ ಓಡಿ, ಸೆಕೆಂಡಿನ ನೂರರಲ್ಲಿ ಒಂದು ಭಾಗದಿಂದ ಕಂಚು ಕಳೆದುಕೊಂಡರು. ನಾನು ಓಟದ ಅಂಗಣಕ್ಕೆ ಬಂದದ್ದೇ ಉಷಾ ಅವರಿಂದ. ಈ ಎರಡು ದಿನಗಳ ನಡುವೆ, ಜೂನ್ 27ಕ್ಕೆ, ಅಮೆರಿಕದ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ಅಲ್ಲಿವರೆಗೆ ಯಾವ ಕಾಲೇಜಿನ ಫುಟ್‌ಬಾಲ್ ಪಂದ್ಯ ಎಷ್ಟು ಸಲ ಟಿ.ವಿ.ಯಲ್ಲಿ ಬರಬಹುದು ಎಂದು ಎನ್‌ಸಿಎಎ ಎಂಬ ರಾಷ್ಟ್ರಮಟ್ಟದ ಸಂಸ್ಥೆ ನಿರ್ಧರಿಸುತ್ತಿತ್ತು. ದೊಡ್ಡ ತಂಡಗಳಿಗೆ ಅದು ಸಾಕಾಗಲಿಲ್ಲ. ಓಕ್ಲಹೋಮ ಮತ್ತು ಜಾರ್ಜಿಯ ವಿಶ್ವವಿದ್ಯಾಲಯಗಳ ಕಡೆಯವರು ಕೋರ್ಟಿಗೆ ಹೋದರು. ಏಳು ನ್ಯಾಯಮೂರ್ತಿಗಳು ಅವರ ಪರ, ಇಬ್ಬರು ವಿರುದ್ಧ. ಅಂದಿನಿಂದ ಟಿ.ವಿ. ಹಕ್ಕು ಮಾರುವುದು ಕಾಲೇಜುಗಳ, ಅವುಗಳ ಕೂಟಗಳ ಕೈಗೆ ಬಂತು.

ಒಪ್ಪದ ಇಬ್ಬರಲ್ಲಿ ಒಬ್ಬರು ಬೈರನ್ ವೈಟ್. ಅವರು ಕೊಲೊರಾಡೊ ವಿಶ್ವವಿದ್ಯಾಲಯಕ್ಕೆ ಫುಟ್‌ಬಾಲ್ ಆಡಿ, ಆಮೇಲೆ ವೃತ್ತಿಪರ ಆಟವನ್ನೂ ಆಡಿ, ನಂತರ ನ್ಯಾಯಮೂರ್ತಿಯಾದವರು. ಕಾಲೇಜಿನ ಆಟವನ್ನು ಬರೀ ವ್ಯಾಪಾರ ಎಂದು ನೋಡುವುದು ತಪ್ಪು ಎಂಬ ಅರ್ಥದಲ್ಲಿ ಅವರು ಬರೆದರು. ಎರಡೂ ಆಟ ಆಡಿ ಗೊತ್ತಿದ್ದ ಮನುಷ್ಯ ಹೇಳಿದ ಮಾತಿಗೆ ಇನ್ನಷ್ಟು ಬೆಲೆ ಸಿಗಬೇಕಿತ್ತು ಎಂದು ನನ್ನ ಅನಿಸಿಕೆ.

ಆಮೇಲಿನದ್ದು ನಿಧಾನಕ್ಕೆ ಶುರುವಾಗಿ ಕೊನೆಗೆ ಒಮ್ಮೆಲೇ ಕುಸಿದ ಕಥೆ. 2021ರ ಜುಲೈಯಲ್ಲಿ ಟೆಕ್ಸಸ್ ಮತ್ತು ಓಕ್ಲಹೋಮ ತಮ್ಮ ಕೂಟ ಬಿಟ್ಟು ಎಸ್‌ಇಸಿ ಎಂಬ ಶ್ರೀಮಂತ ಕೂಟಕ್ಕೆ ಹೋಗುವುದಾಗಿ ಹೇಳಿದವು. 2022ರ ಜೂನ್ 30ಕ್ಕೆ ಲಾಸ್ ಏಂಜಲೀಸಿನ ಎರಡು ವಿಶ್ವವಿದ್ಯಾಲಯಗಳು, ಯುಎಸ್‌ಸಿ ಮತ್ತು ಯುಸಿಎಲ್‌ಎ, ಪ್ಯಾಕ್-12 ಬಿಟ್ಟು ದೇಶದ ನಡುಭಾಗದ ಬಿಗ್ ಟೆನ್ ಕೂಟಕ್ಕೆ ಹೊರಟವು. ಉಷಾ ಅವರು ಓಡಿದ ಆ ಕೊಲಿಸಿಯಂ ಕ್ರೀಡಾಂಗಣವೇ ಯುಎಸ್‌ಸಿ ಫುಟ್‌ಬಾಲ್ ತಂಡದ ಮನೆಯಂಗಳ. 2022ರ ಆಗಸ್ಟಿನಲ್ಲೇ ಬಿಗ್ ಟೆನ್ ಕೂಟ ಫಾಕ್ಸ್, ಸಿಬಿಎಸ್, ಎನ್‌ಬಿಸಿ ಮೂರೂ ಚಾನೆಲ್‌ಗಳ ಜೊತೆ 7 ವರ್ಷದ ಒಪ್ಪಂದ ಮಾಡಿಕೊಂಡಿತು. ಮೊತ್ತ 700 ಕೋಟಿ ಡಾಲರಿಗೂ ಜಾಸ್ತಿ. ನಮ್ಮ ಐಪಿಎಲ್‌ನ 2023ರಿಂದ 2027ರವರೆಗಿನ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು ಎಂದು ಬಾಯಿ ಮೇಲೆ ಕೈ ಇಟ್ಟಿದ್ದೆವಲ್ವಾ? ಇದು ಅದಕ್ಕಿಂತಲೂ ದೊಡ್ಡದು. ಅದೂ ಇಡೀ ದೇಶದ ಲೀಗ್ ಅಲ್ಲ, ಒಂದು ಗುಂಪು ಕಾಲೇಜುಗಳದ್ದು.

ಪ್ಯಾಕ್-12ರಲ್ಲಿ ಉಳಿದ ಹತ್ತು ಮಂದಿಗೆ ಆಗ ಹೊಸ ಟಿ.ವಿ. ಒಪ್ಪಂದ ಬೇಕಿತ್ತು. ಹಳೆಯದು 2024ಕ್ಕೆ ಮುಗಿಯುವುದರಲ್ಲಿತ್ತು. ತಿಂಗಳುಗಟ್ಟಲೆ ಮಾತುಕತೆ ನಡೆದು ಕೊನೆಗೆ ಸಿಕ್ಕಿದ್ದು ಆಪಲ್ ಕಂಪನಿಯ ಒಂದು ಪ್ರಸ್ತಾಪ. ಎಷ್ಟು ಜನ ಚಂದಾದಾರರಾಗುತ್ತಾರೋ ಅದರ ಮೇಲೆ ಆದಾಯ ಏರುವಂಥದ್ದು. ಧೈರ್ಯ ಸಾಕಾಗಲಿಲ್ಲ. 2023ರ ಜುಲೈ ಕೊನೆಗೆ ಕೊಲೊರಾಡೊ ಹೊರಟಿತು, ಬೈರನ್ ವೈಟ್ ಆಡಿದ್ದ ಅದೇ ಕೊಲೊರಾಡೊ. ಆಗಸ್ಟ್ 4ರ ಒಂದೇ ದಿನದಲ್ಲಿ ಐದು ಹೋದವು. ಆರೆಗನ್ ಮತ್ತು ಸಿಯಾಟಲ್‌ನ ವಾಷಿಂಗ್ಟನ್ ಬಿಗ್ ಟೆನ್‌ಗೆ, ಅರಿಜೋನ, ಅರಿಜೋನ ಸ್ಟೇಟ್, ಯೂಟಾ ಬಿಗ್ 12 ಎಂಬ ಇನ್ನೊಂದು ಕೂಟಕ್ಕೆ. ತಿಂಗಳು ತುಂಬುವುದರೊಳಗೆ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯಗಳು ದೇಶದ ಆಚೆ ತೀರದ ಎಸಿಸಿ ಕೂಟಕ್ಕೆ ಸೇರಿಕೊಂಡವು. ಶುರುವಿನ ಹಲವು ವರ್ಷ ಉಳಿದವರ ಪಾಲಿನ ಸುಮಾರು 30 ಶೇಕಡ ಮಾತ್ರ ಸಾಕು ಎಂದು ಒಪ್ಪಿಕೊಂಡು. ಅದೇ ಕೂಟಕ್ಕೆ ಬಂದ ಡಲ್ಲಾಸ್‌ನ ಎಸ್‌ಎಂಯು 9 ವರ್ಷ ಟಿ.ವಿ. ದುಡ್ಡೇ ಬೇಡ ಎಂದು ಬರೆದುಕೊಟ್ಟಿತು. ಅದಕ್ಕೆ ಶ್ರೀಮಂತ ಹಳೆ ವಿದ್ಯಾರ್ಥಿಗಳಿದ್ದರು.

ಉಳಿದದ್ದು ಎರಡು. ನನ್ನ ಮಗಳ ವಾಷಿಂಗ್ಟನ್ ಸ್ಟೇಟ್ ಮತ್ತು ಆರೆಗನ್ ಸ್ಟೇಟ್. ಎರಡೂ ಸಣ್ಣ ಊರಿನ ಸರಕಾರಿ ವಿಶ್ವವಿದ್ಯಾಲಯಗಳು. ಆಡಿದ್ದರಲ್ಲಿ ಏನೂ ಕಡಿಮೆಯಿರಲಿಲ್ಲ. ಅವರ ಊರಲ್ಲಿ ಟಿ.ವಿ. ನೋಡುವ ಜನ ಕಡಿಮೆ, ಅಷ್ಟೇ. ಇಬ್ಬರೂ ಸೇರಿ ಪುಲ್‌ಮನ್ ಹತ್ತಿರದ ಕೋಲ್ಫ್ಯಾಕ್ಸ್ ಎಂಬ ಊರಿನ ಕೋರ್ಟಿಗೆ ಹೋದರು. ಬಿಟ್ಟು ಹೋಗುವವರು ಕೂಟದ ಆಸ್ತಿಯ ಬಗ್ಗೆ ತೀರ್ಮಾನ ಮಾಡಬಾರದು ಎಂದು ವಾದಿಸಿದರು. ನವೆಂಬರಿನಲ್ಲಿ ಕೋರ್ಟು ಅವರ ಪರ ನಿಂತಿತು, ಡಿಸೆಂಬರಿನಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅದಕ್ಕೆ ಕೈ ಹಾಕಲಿಲ್ಲ. ಆ ಸುದ್ದಿ ಬಂದ ದಿನ ಅಂಗಡಿಯಲ್ಲಿ, ಗ್ರಂಥಾಲಯದಲ್ಲಿ, ಮಗಳ ವಿಭಾಗದಲ್ಲಿ ಎಲ್ಲ ಕಡೆ ಅದೇ ಮಾತು.

ನಾನು ಹೆಚ್ಚಾಗಿ ನೋಡಿದ್ದು ಫುಟ್‌ಬಾಲ್ ಅಲ್ಲ. ಬೋಲರ್ ಜಿಮ್ ಎಂಬ ಹಳೆಯ ಒಳಾಂಗಣದಲ್ಲಿ ನಡೆಯುವ ಹುಡುಗಿಯರ ವಾಲಿಬಾಲ್. ಚಂದದ ಆಟ. ಜೀವನವಿಡೀ ಹುಡುಗಿಯರಿಗೆ ವಾಲಿಬಾಲ್ ಕಲಿಸಿದವಳಿಗೆ ಅಲ್ಲಿ ಕೂತರೆ ಎದ್ದು ಬರಲು ಮನಸ್ಸಾಗುತ್ತಿರಲಿಲ್ಲ. ಬ್ಲಾಕ್‌ಗೆ ಹಾರುವ ಮೊದಲಿನ ಎರಡು ಹೆಜ್ಜೆ ನೋಡಿ, ನಮ್ಮ ಮಕ್ಕಳಿಗೆ ಇಂಥ ಮರದ ನೆಲ ಇದ್ದಿದ್ದರೆ ಎಂದು ಅನಿಸುತ್ತಿತ್ತು. ನಮ್ಮವರು ಹಾರಿ ಇಳಿಯುವುದು ಮುರಕಲ್ಲಿನ ಮೇಲೆ. ಅಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹಿರಿಯ ಹೆಂಗಸರ ಚಿಂತೆ ಒಂದೇ. ಮುಂದಿನ ವರ್ಷ ಈ ಮಕ್ಕಳು ಯಾರ ಜೊತೆ ಆಡುತ್ತಾರೆ?

ಸಂಪಾದಕರೇ, ನನ್ನ ತಕರಾರು ಇರುವುದು ಇಲ್ಲೇ. ಟಿ.ವಿ. ದುಡ್ಡು ಬಂದದ್ದು ಫುಟ್‌ಬಾಲಿಗೆ. ಆದರೆ ಕೂಟ ಬದಲಾಯಿಸಿದಾಗ ವಾಲಿಬಾಲಿನವರೂ ಸಾಫ್ಟ್‌ಬಾಲಿನವರೂ ಓಟಗಾರರೂ ಅದರ ಹಿಂದೆ ಹೋಗಬೇಕಾಯಿತು. ಫುಟ್‌ಬಾಲ್ ತಂಡ ವರ್ಷದಲ್ಲಿ ಹನ್ನೆರಡು ಹದಿಮೂರು ಪಂದ್ಯ ಆಡುತ್ತದೆ, ಹೆಚ್ಚಾಗಿ ಶನಿವಾರ. ದೂರ ಹೋದರೂ ತಡೆದುಕೊಳ್ಳಬಹುದು. ವಾಲಿಬಾಲಿನವರು ವಾರದಲ್ಲಿ ಎರಡು ಪಂದ್ಯ ಆಡುತ್ತಾರೆ, ವಾರದ ನಡುವೆಯೂ ಆಡುತ್ತಾರೆ. ಬಿಗ್ ಟೆನ್‌ನಲ್ಲಿ ಈಗ 18 ತಂಡ. ಒಂದು ತುದಿಯಲ್ಲಿ ಲಾಸ್ ಏಂಜಲೀಸ್, ಇನ್ನೊಂದು ತುದಿಯಲ್ಲಿ ನ್ಯೂಜೆರ್ಸಿಯ ರಟ್ಗರ್ಸ್. ಕನ್ಯಾಕುಮಾರಿಯಿಂದ ಕಾಶ್ಮೀರಕ್ಕೆ ನೇರ ಹಾರಿದರೂ ಅಷ್ಟು ದೂರ ಆಗುವುದಿಲ್ಲ. ಗಡಿಯಾರದಲ್ಲಿ ಮೂರು ಗಂಟೆ ವ್ಯತ್ಯಾಸ. ಸ್ಟ್ಯಾನ್‌ಫರ್ಡಿನ ಹುಡುಗಿಯೊಬ್ಬಳು ಕೂಟದ ಪಂದ್ಯಕ್ಕೆ ಬಾಸ್ಟನ್ ತನಕ ಹೋಗಬೇಕು, 4,000 ಕಿ.ಮೀ. ಮೇಲೆ. ಹೋಗಿ, ಆಡಿ, ಬಂದು, ಮರುದಿನ ರಸಾಯನಶಾಸ್ತ್ರದ ಕ್ಲಾಸಿಗೆ ಕೂರಬೇಕು.

ಪ್ರಯಾಣ ಮಕ್ಕಳ ಮೈಗೆ ಏನು ಮಾಡುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರಾಜ್ಯ ಮಟ್ಟದ ಕೂಟ ತಿರುವನಂತಪುರದಲ್ಲಿ ಎಂದಾದರೆ ನಮ್ಮ ಮಕ್ಕಳು ಕಾಸರಗೋಡಿನಲ್ಲಿ ಮಾವೇಲಿಯನ್ನೋ ಮಲಬಾರ್ ಎಕ್ಸ್‌ಪ್ರೆಸ್ಸನ್ನೋ ಹತ್ತಿ ರಾತ್ರಿಯಿಡೀ ಹೋಗಬೇಕು. 550 ಕಿ.ಮೀ.ಗೂ ಜಾಸ್ತಿ. ಸೀಟು ಖಚಿತವಾಗದಿದ್ದರೆ ಬಾಗಿಲ ಹತ್ತಿರ ಪೇಪರು ಹಾಸಿ ಮಲಗಿದವರೂ ಇದ್ದಾರೆ. ಇಳಿದು, ಹಲ್ಲುಜ್ಜಿ, ಅಲ್ಲಿಂದಲೇ ಹೀಟ್ಸ್‌ಗೆ. ತಿರುವನಂತಪುರದ ಮಗು ಮನೆಯಲ್ಲಿ ಮಲಗಿ ಬಂದಿರುತ್ತದೆ. ಗೆದ್ದರೆ ಗ್ರೇಸ್ ಮಾರ್ಕ್ ಇದೆ, ಆ ಆಸೆಯಿಂದ ತಂದೆತಾಯಿ ಕಳಿಸುತ್ತಾರೆ. ವರ್ಷಕ್ಕೊಮ್ಮೆ ಆದ್ದರಿಂದ ಹೇಗೋ ಆಗುತ್ತದೆ. ವಾರ ವಾರ ಹೀಗೆ ಹೋಗು ಎಂದರೆ ನಾನೇ ಆ ಮಗುವಿಗೆ ಆಟ ಬಿಡು ಎನ್ನುತ್ತಿದ್ದೆ.

ದೂರದ ಜೊತೆ ಇನ್ನೊಂದು ನಷ್ಟವಿದೆ. ಓಕ್ಲಹೋಮ ಮತ್ತು ಓಕ್ಲಹೋಮ ಸ್ಟೇಟ್ ಒಂದೇ ರಾಜ್ಯದ ಎರಡು ವಿಶ್ವವಿದ್ಯಾಲಯಗಳು. ನೂರು ವರ್ಷಕ್ಕೂ ಹಿಂದೆ ಶುರುವಾದ ಅವರ ಫುಟ್‌ಬಾಲ್ ಪಂದ್ಯ 2023ರ ನವೆಂಬರ್ 4ಕ್ಕೆ ಆಡಿ ನಿಂತಿತು. ಟೆಕ್ಸಸ್ ಮತ್ತು ಟೆಕ್ಸಸ್ ಎ ಅಂಡ್ ಎಂ ನಡುವಿನ ಪಂದ್ಯ 2011ರಲ್ಲಿ ನಿಂತದ್ದು ಮತ್ತೆ ಶುರುವಾಗಲು 2024 ಆಗಬೇಕಾಯಿತು. ನಡುವೆ ಅಲ್ಲಿ ಓದಿ ಹೋದ ಮಕ್ಕಳಿಗೆ ಆ ಪಂದ್ಯ ಸಿಗಲೇ ಇಲ್ಲ. ಪುಲ್‌ಮನ್‌ನವರ ಅದೃಷ್ಟಕ್ಕೆ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೊತೆಗಿನ ಪಂದ್ಯ, 1900ರಿಂದ ಬಂದದ್ದು, ಬೇರೆ ಒಪ್ಪಂದ ಮಾಡಿಕೊಂಡು ಉಳಿಯಿತು. ನಾನು ಅಲ್ಲಿದ್ದಾಗ ನಡೆದ ಪಂದ್ಯವನ್ನು ಮಗಳ ಸ್ನೇಹಿತರ ಮನೆಯಲ್ಲಿ ಟಿ.ವಿ.ಯಲ್ಲಿ ನೋಡಿದೆವು. 24-21. ಕೊನೆಯ ಕ್ಷಣದಲ್ಲಿ ಸಿಯಾಟಲ್‌ನವರು ಗೆದ್ದರು. ಆ ವರ್ಷ ಅದೇ ತಂಡ ರಾಷ್ಟ್ರೀಯ ಫೈನಲ್ ತನಕ ಹೋಯಿತು. ಮುಚ್ಚಿಹೋಗುತ್ತಿದ್ದ ಕೂಟದಿಂದ! ಆಟ ಚೆನ್ನಾಗಿಲ್ಲದ್ದಕ್ಕೆ ಪ್ಯಾಕ್-12 ಒಡೆಯಿತು ಎಂದು ಯಾರೂ ಹೇಳುವಂತಿಲ್ಲ.

ಕಾಸರಗೋಡಿನವರಿಗೆ ಈ ನೋವು ಗೊತ್ತು. 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರುವ ಮೊದಲು ನಾವು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಜಿಲ್ಲಾ ಕೂಟ ಎಂದರೆ ಮಂಗಳೂರು. ಈಗ ಮಂಜೇಶ್ವರದ ಕಾಲೇಜು ಮಕ್ಕಳು 20 ಕಿ.ಮೀ. ದೂರದ ಮಂಗಳೂರಿನವರ ಎದುರು ಅಂತರ್ ಕಾಲೇಜು ಪಂದ್ಯ ಆಡುವಂತಿಲ್ಲ. ನೂರು ಕಿ.ಮೀ.ಗೂ ದೂರದ ಕಣ್ಣೂರಿನ ಕಡೆಗೆ ಹೋಗಬೇಕು. ಯಾಕೆಂದರೆ ಇತ್ತ ಕಣ್ಣೂರು ವಿಶ್ವವಿದ್ಯಾಲಯ, ಅತ್ತ ಮಂಗಳೂರು ವಿಶ್ವವಿದ್ಯಾಲಯ. ಕಣ್ಣೂರಿನವರ ಜೊತೆ ಆಡುವುದರಲ್ಲಿ ನನಗೆ ಬೇಸರವೇನಿಲ್ಲ. ಅಲ್ಲಿಯ ಮಕ್ಕಳು ಆಟದಲ್ಲಿ ಗಟ್ಟಿ, ಅವರಿಂದ ನಮ್ಮವರು ಬಹಳ ಕಲಿತಿದ್ದಾರೆ. ಆದರೆ ನಮ್ಮ ಬಾಯಾರಿನ ಹುಡುಗಿಗೆ ಗಡಿಯಾಚೆಯ ಕನ್ಯಾನದ ಹುಡುಗಿ ನೆರೆಕರೆಯವಳು. ಒಂದೇ ಜಾತ್ರೆ, ಒಂದೇ ಬಸ್ಸು. ಅವರಿಬ್ಬರು ನೆಟ್ಟಿನ ಎರಡು ಬದಿಗೆ ನಿಲ್ಲುವುದಕ್ಕೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ದಕ್ಷಿಣ ವಲಯದ ಕೂಟದ ತನಕ ಕಾಯಬೇಕು. ಅಲ್ಲಿ ತನಕ ಏರುವುದು ಎಷ್ಟು ಮಕ್ಕಳಿಗೆ ಸಾಧ್ಯ?

ಆ ಗೆರೆಯನ್ನು ಸರಕಾರ ಎಳೆಯಿತು. ಅಮೆರಿಕದಲ್ಲಿ ಟಿ.ವಿ. ಕಂಪನಿಗಳ ದುಡ್ಡು ಎಳೆಯಿತು. ಸರಕಾರ ಎಳೆದದ್ದಕ್ಕೆ ನಾವು ಕನಿಷ್ಠ ಅರ್ಜಿ ಕೊಡಬಹುದು, ಧರಣಿ ಕೂರಬಹುದು. ಚಾನೆಲ್‌ನವರಿಗೆ ಅರ್ಜಿ ಕೊಡುವುದು ಯಾರು?

ದುಡ್ಡೇ ಬೇಡ ಎಂದು ನಾನು ಹೇಳುತ್ತಿಲ್ಲ. 2014ರಲ್ಲಿ ಪ್ರೊ ಕಬಡ್ಡಿ ಬಂದ ಮೇಲೆ ನಮ್ಮ ಕಡೆಯ ಹುಡುಗರಿಗೆ ಕಬಡ್ಡಿಯಿಂದ ಹೊಟ್ಟೆ ತುಂಬುತ್ತದೆ ಎಂಬ ನಂಬಿಕೆ ಬಂತು. ಅದು ಸಣ್ಣ ವಿಷಯ ಅಲ್ಲ. ಅಮೆರಿಕದಲ್ಲೂ 2021ರ ಜುಲೈಯಿಂದ ವಿದ್ಯಾರ್ಥಿಗಳು ತಮ್ಮ ಹೆಸರು, ಮುಖ ಬಳಸಿದ ಜಾಹೀರಾತಿಗೆ ದುಡ್ಡು ಪಡೆಯಬಹುದು. 2025ರ ಜೂನ್‌ನಲ್ಲಿ ಒಂದು ದೊಡ್ಡ ಮೊಕದ್ದಮೆ ರಾಜಿಯಲ್ಲಿ ಮುಗಿದು, ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರ ದುಡ್ಡು ಕೊಡುವಂತಾಯಿತು. ಮೊದಲ ವರ್ಷಕ್ಕೆ ಒಂದು ವಿಶ್ವವಿದ್ಯಾಲಯಕ್ಕೆ ಸುಮಾರು 2 ಕೋಟಿ ಡಾಲರಿನ ಮಿತಿ. ನ್ಯಾಯ. ಮೈ ನೋಯಿಸಿಕೊಂಡು ಆಡುವವರಿಗೆ ಪಾಲು ಸಿಗಬೇಕು. ಕೋಚ್‌ಗಳು, ಅಧಿಕಾರಿಗಳು, ಚಾನೆಲ್‌ಗಳು ಇಷ್ಟು ವರ್ಷ ತಿಂದದ್ದು ಅವರ ಬೆವರನ್ನೇ. ಆದರೆ ಆ ಪಾಲು ಹೆಚ್ಚಾಗಿ ಹೋಗುವುದು ಫುಟ್‌ಬಾಲ್ ಮತ್ತು ಹುಡುಗರ ಬಾಸ್ಕೆಟ್‌ಬಾಲಿಗೆ. ಆ ಲೆಕ್ಕ ಹೊಂದಿಸಲು ಎಲ್ಲಿಂದ ಕಿತ್ತುಕೊಂಡರು ಎಂಬುದನ್ನೂ ನೋಡಬೇಕು.

1978ರಲ್ಲಿ ಕೀನ್ಯದ ಹೆನ್ರಿ ರೋನೊ ಎಂಬ ಓಟಗಾರ 81 ದಿನಗಳಲ್ಲಿ ನಾಲ್ಕು ವಿಶ್ವ ದಾಖಲೆ ಮಾಡಿದರು. 3,000, 5,000, 10,000 ಮೀಟರ್ ಮತ್ತು ಸ್ಟೀಪಲ್‌ಚೇಸ್. ಆಗ ಅವರು ವಾಷಿಂಗ್ಟನ್ ಸ್ಟೇಟ್‌ನ ವಿದ್ಯಾರ್ಥಿ. ಅವರು ತೀರಿಹೋದದ್ದು 2024ರ ಫೆಬ್ರವರಿಯಲ್ಲಿ. ಮುಂದಿನ ವರ್ಷದ ಜೂನ್‌ನಲ್ಲಿ ಅದೇ ವಿಶ್ವವಿದ್ಯಾಲಯ ತನ್ನ ಅಥ್ಲೆಟಿಕ್ಸ್ ತಂಡದಿಂದ ಎಸೆತ, ಜಿಗಿತಗಳನ್ನು ತೆಗೆದುಹಾಕಿತು. ಕಡಿಮೆ ದೂರದ ಓಟ, ಹರ್ಡಲ್ಸ್‌ಗಳನ್ನು ಕಡಿತ ಮಾಡಿತು. ದೂರದ ಓಟ ಮಾತ್ರ ಉಳಿಸಿಕೊಂಡಿತು. ದುಡ್ಡಿಲ್ಲ. ಮಗಳು ಫೋನಿನಲ್ಲಿ ಹೇಳಿದಾಗ ನನಗೆ ತುಂಬ ಬೇಸರವಾಯಿತು. ಗುಂಡೆಸೆತ, ಜಾವೆಲಿನ್, ಉದ್ದ ಜಿಗಿತ. ದಪ್ಪ ಮಕ್ಕಳಿಗೂ, ಗಿಡ್ಡ ಮಕ್ಕಳಿಗೂ, ಎಲ್ಲರಿಗೂ ಒಂದು ಜಾಗ ಇರುವುದು ಅಥ್ಲೆಟಿಕ್ಸ್‌ನಲ್ಲಿ. ಅದನ್ನೇ ಕತ್ತರಿಸಿದರು.

ಬಲಿಯಾದವರು ಇನ್ನೊಬ್ಬರನ್ನು ಬಲಿ ಕೊಡುವುದೂ ಇದರಲ್ಲಿದೆ. ಪ್ಯಾಕ್-12 ಹೆಸರನ್ನು ಉಳಿಸಿಕೊಂಡ ಆ ಇಬ್ಬರು ಬಾಯ್ಸಿ ಸ್ಟೇಟ್, ಫ್ರೆಸ್ನೋ ಸ್ಟೇಟ್ ಮೊದಲಾದವರನ್ನು ಮೌಂಟನ್ ವೆಸ್ಟ್ ಎಂಬ ಕೂಟದಿಂದ ಕರೆದುಕೊಂಡರು. ಈಗ ಆ ಕೂಟದವರಿಗೆ ಕಷ್ಟ. ಆದರೂ ಹೊಸ ಪಟ್ಟಿಯಲ್ಲಿ ಪುಲ್‌ಮನ್‌ಗೆ ಹತ್ತಿರದ ಸ್ಪೊಕೇನ್‌ನ ಗಾನ್ಜಾಗ ವಿಶ್ವವಿದ್ಯಾಲಯ ಇದೆ ಎಂದು ತಿಳಿದು ನನಗೆ ಸಮಾಧಾನವಾಯಿತು. ಬಸ್ಸಿನಲ್ಲಿ ಹೋಗಿ ಆಡಿ ರಾತ್ರಿ ಮನೆಗೆ ಬರಬಹುದು.

ಇನ್ನು ನಮ್ಮ ನೆಲದ ಮಾತು. ಹೊನಲು ಬೆಳಕಿನ ಪಂದ್ಯಾಟಗಳನ್ನು ನಡೆಸುವ ನಮ್ಮೂರ ಯುವಕ ಮಂಡಲಗಳು ಈ ಸಮಸ್ಯೆಯನ್ನು ಎಂದೋ ಕಂಡಿವೆ. ಗಲ್ಫಿನವರು ಜೆರ್ಸಿ ಕೊಡಿಸಿ, ಬಹುಮಾನದ ನಗದು ಏರಿ, ಹೊರಗಿನಿಂದ ದುಡ್ಡು ಕೊಟ್ಟು ಆಟಗಾರರನ್ನು ಕರೆಸುವುದು ಶುರುವಾದಾಗ ಊರಿನ ಹುಡುಗರಿಗೆ ಅಂಕಣಕ್ಕೆ ಇಳಿಯಲು ಜಾಗವೇ ಇಲ್ಲವಾಯಿತು. ಆಗ ಏನು ಮಾಡಿದರು? ಪಂದ್ಯಾಟವನ್ನು ಎರಡು ಮಾಡಿದರು. ಒಂದು ಮುಕ್ತ ವಿಭಾಗ, ಯಾರು ಎಲ್ಲಿಂದ ಬೇಕಾದರೂ ಬನ್ನಿ. ಇನ್ನೊಂದು ಪಂಚಾಯತು ಮಟ್ಟದ್ದು, ಆಧಾರ್ ಕಾರ್ಡ್ ತೋರಿಸಿದ ಊರವರಿಗೆ ಮಾತ್ರ. ಮುಕ್ತ ವಿಭಾಗಕ್ಕೆ ಜನ ಸೇರುತ್ತಾರೆ, ಆ ದುಡ್ಡಿನಲ್ಲಿ ಲೈಟು, ಮ್ಯಾಟು, ಊಟ ಎಲ್ಲ ಆಗುತ್ತದೆ. ಊರಿನ ಮಕ್ಕಳ ಪಂದ್ಯವೂ ಅದೇ ಲೈಟಿನಡಿ ನಡೆಯುತ್ತದೆ. ಮಂಡಲದ ಪಂದ್ಯಗಳಿಗೆ ರಾಜ್ಯದ ಗಡಿಯೂ ಇಲ್ಲ, ಕನ್ಯಾನ, ಕರೋಪಾಡಿಯ ತಂಡಗಳು ನಮ್ಮ ಕಡೆ ಬರುತ್ತವೆ, ನಮ್ಮವರು ಅತ್ತ ಹೋಗುತ್ತಾರೆ. ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳ ಅಧ್ಯಕ್ಷರು ಕೂತು ಮಾಡಲಾಗದ್ದನ್ನು ಅಡಿಕೆ ಸುಲಿಯುವ, ರಿಕ್ಷಾ ಓಡಿಸುವ ಹುಡುಗರು ಮಾಡಿ ತೋರಿಸಿದ್ದಾರೆ.

ನಾನು ಕೇಳುವುದೂ ಅದನ್ನೇ. ವಿಶ್ವವಿದ್ಯಾಲಯಗಳ ಕಬಡ್ಡಿಗೋ ಕ್ರಿಕೆಟ್ಟಿಗೋ ನಾಳೆ ಟಿ.ವಿ. ಲೀಗ್ ಬರಲಿ. ಆದರೆ ಆ ಒಂದು ಆಟದ ಒಪ್ಪಂದಕ್ಕೆ ಉಳಿದ ಆಟಗಳನ್ನು ಕಟ್ಟಬೇಡಿ. ವಾಲಿಬಾಲ್, ತ್ರೋಬಾಲ್, ಖೋಖೋ, ಓಟ, ಎಸೆತ ಇವುಗಳ ಪಂದ್ಯ ಹತ್ತಿರದ ಕಾಲೇಜುಗಳ ನಡುವೆಯೇ ನಡೆಯಲಿ ಎಂದು ನಿಯಮದಲ್ಲೇ ಬರೆದಿಡಿ. ಬಂದ ದುಡ್ಡಿನಲ್ಲಿ ಇಂತಿಷ್ಟು ಪಾಲು ಈ ಆಟಗಳಿಗೆ ಎಂದೂ ಬರೆದಿಡಿ. ನಮ್ಮಲ್ಲಿ ಟಿ.ವಿ. ದುಡ್ಡೇ ಬಂದಿಲ್ಲ, ಈಗಲೇ ಯಾಕೆ ಈ ಮಾತು ಎಂದು ಕೇಳುವವರಿದ್ದಾರೆ. ದುಡ್ಡು ಬರುವ ಮೊದಲೇ ಬರೆಯಬೇಕು. ಬಂದ ಮೇಲೆ ಬರೆಯಲು ಯಾರೂ ಬಿಡುವುದಿಲ್ಲ. ಪ್ಯಾಕ್-12 ಉಳಿಯಬೇಕು ಎಂದು ಬಾಯಲ್ಲಿ ಹೇಳುತ್ತಿದ್ದವರು ಹೆಚ್ಚು ಪಾಲು ಸಿಗುತ್ತದೆ ಎಂದ ಕೂಡಲೇ ಹೊರಟರಲ್ಲ.

ಬರೆದಿಡದಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನನ್ನ ವಿದ್ಯಾರ್ಥಿನಿಯೊಬ್ಬಳು ಒಳ್ಳೆಯ ಕಬಡ್ಡಿ ಆಟಗಾರ್ತಿ. ಬೀಡಿ ಕಟ್ಟುವ ಅಮ್ಮನ ಮಗಳು. ಗಡಿಯಾಚೆಯ ಒಂದು ಖಾಸಗಿ ಕಾಲೇಜಿನವರು ಮನೆಗೇ ಬಂದು, ಫೀಸಿಲ್ಲ, ಹಾಸ್ಟೆಲ್ಲಿನ ಖರ್ಚಿಲ್ಲ, ಊಟ ಉಚಿತ ಎಂದು ಕರೆದುಕೊಂಡು ಹೋದರು. ಎಲ್ಲ ಬಾಯಿಮಾತು. ಎರಡನೇ ವರ್ಷ ಅವಳ ಮೊಣಕಾಲಿನ ಲಿಗಮೆಂಟ್ ಹರಿಯಿತು. ಮೂರನೇ ವರ್ಷದ ಆರಂಭದಲ್ಲಿ ಪೂರ್ತಿ ಫೀಸು ಕಟ್ಟಲು ಹೇಳಿದರು. ನಾವು ಕೆಲವು ಟೀಚರುಗಳು, ಊರಿನ ಮಂಡಲದವರು ಸೇರಿ ಕಟ್ಟಿದೆವು, ಅವಳು ಪದವಿ ಮುಗಿಸಿದಳು. ಎಲ್ಲ ಕಾಲೇಜುಗಳೂ ಹೀಗಲ್ಲ. ದಕ್ಷಿಣ ಕನ್ನಡದಲ್ಲಿ ಕ್ರೀಡಾಪಟುಗಳನ್ನು ಮಕ್ಕಳಂತೆ ಸಾಕಿದ ಸಂಸ್ಥೆಗಳೂ ಇವೆ. ಆದರೆ ಒಳ್ಳೆಯವರ ಒಳ್ಳೆಯತನದ ಮೇಲೆ ಮಾತ್ರ ಒಂದು ಮಗುವಿನ ಓದು ನಿಲ್ಲಬಾರದು. ಅಮೆರಿಕದ ಐದು ದೊಡ್ಡ ಕೂಟಗಳು 2015ರಲ್ಲೇ ಇದಕ್ಕೆ ನಿಯಮ ಮಾಡಿವೆ. ಆಟ ಸರಿಯಾಗಲಿಲ್ಲ ಎಂಬ ಕಾರಣಕ್ಕೆ ವಿದ್ಯಾರ್ಥಿವೇತನ ನಿಲ್ಲಿಸುವಂತಿಲ್ಲ. ಅಮೆರಿಕದಿಂದ ತರುವುದಾದರೆ ಮೊದಲು ಇದನ್ನು ತನ್ನಿ.

ಕೊನೆಗೆ ಒಂದು ಬೇಡಿಕೆ, ಇದು ನಾಳೆಯೇ ಮಾಡಬಹುದಾದದ್ದು. ಕಣ್ಣೂರು ಮತ್ತು ಮಂಗಳೂರು ವಿಶ್ವವಿದ್ಯಾಲಯಗಳ ಕ್ರೀಡಾ ವಿಭಾಗದವರು ಕೂತು ಮಾತಾಡಿ, ವರ್ಷಕ್ಕೊಂದು ಗಡಿ ಕಾಲೇಜುಗಳ ಆಹ್ವಾನಿತ ಪಂದ್ಯಾಟ ಇಡಲಿ. ಇತ್ತ ಕಾಸರಗೋಡಿನ ಸರಕಾರಿ ಕಾಲೇಜು, ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಕಾಲೇಜು ಮತ್ತು ಸುತ್ತಲಿನವು. ಅತ್ತ ಮಂಗಳೂರು, ವಿಟ್ಲ, ಪುತ್ತೂರಿನವು. ಹುಡುಗಿಯರ ವಾಲಿಬಾಲ್ ಮತ್ತು ಕಬಡ್ಡಿಯಿಂದ ಶುರುಮಾಡಿದರೆ ಸಾಕು. ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಮನೆ ಸೇರುವಂಥ ಕೂಟ. ಖರ್ಚು ಜಾಸ್ತಿಯಿಲ್ಲ, ಅಂಕಣ ಎರಡೂ ಕಡೆ ಇದೆ. ಫಲಿತಾಂಶ ಹಾಕಲು ನಿಮ್ಮ ಪುಟದಲ್ಲಿ ಜಾಗ ಕೊಡಿ, ಸೋತ ತಂಡದ ಮಕ್ಕಳ ಹೆಸರನ್ನೂ ಹಾಕಿ. ಅಂಪೈರ್ ಕೆಲಸಕ್ಕೂ ಸ್ಕೋರ್ ಬರೆಯುವುದಕ್ಕೂ ನನ್ನಂಥ ನಿವೃತ್ತ ಪಿ.ಟಿ. ಟೀಚರುಗಳು ಗಡಿಯ ಎರಡೂ ಬದಿಯಲ್ಲಿ ಬೇಕಾದಷ್ಟು ಜನ ಇದ್ದೇವೆ. ಕರೆದರೆ ಬರುತ್ತೇವೆ, ಸಂಭಾವನೆ ಬೇಡ.

ಇತಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ
ಬಾಯಾರು, ಮಂಜೇಶ್ವರ ತಾಲೂಕು